ತಂದೆಯ ವಿದ್ಯೆ, ಮಕ್ಕಳ ರುಚಿ

ನಿಂದೆಯ ಮಾತೇ ಕಾಲಾಂತರದಲ್ಲಿ ಬಿರುದಾಗುವುದುಂಟು. ಐರೋಪ್ಯ ಸಂಗೀತದಲ್ಲಿ ಸುಮಾರು 1600 ರಿಂದ 1750 ರವರೆಗಿನ ಕಾಲಕ್ಕೆ 'ಬರೋಕ್' ಎಂಬ ಹೆಸರು ಈಗ ಗೌರವದಿಂದಲೇ ಸಲ್ಲುತ್ತಿದೆ. ಆದರೆ ಅದು ಮೂಲತಃ ಅಂಕುಡೊಂಕಾದ ಮುತ್ತಿಗೆ ಪೋರ್ತುಗೀಸರು ಇಟ್ಟ ಹೆಸರೆಂದು ವಿದ್ವಾಂಸರಲ್ಲಿ ಅನೇಕರ ಮತ. ರೂಸೋ ತನ್ನ 1768ರ ಸಂಗೀತಕೋಶದಲ್ಲಿ, ಸ್ವರಗಳ ಕೂಟವು ಗೊಂದಲವಾಗಿ, ಹಾಡಿಕೆಯು ಸಹಜತೆಯನ್ನು ಕಳೆದುಕೊಂಡು, ವಿಸಂವಾದಗಳಿಂದ ತುಂಬಿಹೋದ ಸಂಗೀತಕ್ಕೆ ಈ ಹೆಸರೆಂದು ಅರ್ಥವನ್ನು ಹೇಳಿದನು. ಒಂದು ತಲೆಮಾರಿನವರ ಪಾಂಡಿತ್ಯವು ಮುಂದಿನ ತಲೆಮಾರಿನವರ ಕಿವಿಗೆ ಹೀಗೆ ಡೊಂಕಾಗಿ ಕೇಳಿಸಿದ ಬಗೆಯನ್ನು ಜರ್ಮನಿಯ ಒಂದೇ ಮನೆತನದ ಕಥೆಯಲ್ಲಿ ನೋಡಬಹುದು. ಅದು ಬಾಖ್ ಮನೆತನ.

ಯೋಹಾನ್ ಸೆಬಾಸ್ಟಿಯನ್ ಬಾಖ್ ಹುಟ್ಟಿದ್ದು 1685ರಲ್ಲಿ. ಹತ್ತು ವರ್ಷ ತುಂಬುವ ಮೊದಲೇ ತಂದೆತಾಯಿಗಳನ್ನು ಕಳೆದುಕೊಂಡು ಅಣ್ಣನ ಆಶ್ರಯದಲ್ಲಿ ಬೆಳೆದನು. ಅಣ್ಣನು ಬೀರುವಿನಲ್ಲಿಟ್ಟಿದ್ದ ಸಂಗೀತದ ಪುಸ್ತಕವೊಂದನ್ನು ಬಾಲಕನು ರಾತ್ರಿಯ ಹೊತ್ತು ಗುಟ್ಟಾಗಿ ಹೊರತೆಗೆದು, ದೀಪವಿಲ್ಲದೆ, ತಿಂಗಳ ಬೆಳಕಿನಲ್ಲಿ ಆರು ತಿಂಗಳು ಕುಳಿತು ಪ್ರತಿಮಾಡಿಕೊಂಡನೆಂದೂ, ಅದು ತಿಳಿದ ಅಣ್ಣನು ಆ ಪ್ರತಿಯನ್ನು ಕಸಿದುಕೊಂಡನೆಂದೂ 1754ರಲ್ಲಿ ಅಚ್ಚಾದ ಆತನ ಚರಮಲೇಖನವು ಹೇಳುತ್ತದೆ. ವಿದ್ಯೆಯನ್ನು ಕದ್ದಾದರೂ ಪಡೆಯಬೇಕೆಂಬ ಈ ಹಸಿವೇ ಆತನ ಜೀವಿತದ ಮೂಲಧನವಾಯಿತು.

1723ರಲ್ಲಿ ಆತನು ಲೈಪ್‌ಜಿಗ್ ನಗರದ ಸಂತ ಥಾಮಸ್ ಶಾಲೆಗೆ ಉಪಾಧ್ಯಾಯನಾಗಿ ಬಂದನು. ಹುಡುಗರಿಗೆ ಹಾಡುವುದನ್ನು ಕಲಿಸುವುದೂ ಚರ್ಚುಗಳ ಸಂಗೀತವನ್ನು ನೋಡಿಕೊಳ್ಳುವುದೂ ಆತನ ಕೆಲಸ. ಲ್ಯಾಟಿನ್ ಪಾಠವೂ ಆ ಹುದ್ದೆಗೇ ಸೇರಿದ್ದಿತು. ಅದನ್ನು ಮಾತ್ರ ಕೈಯಿಂದ ಹಣ ಕೊಟ್ಟು ಬೇರೊಬ್ಬರಿಂದ ಹೇಳಿಸಿದನು. ನಗರಸಭೆಯವರು ಮೊದಲು ಅಪೇಕ್ಷಿಸಿದ್ದು ಟೆಲೆಮನ್ ಎಂಬಾತನನ್ನು. ಆತನು ಒಲ್ಲೆನೆಂದನು. ಎರಡನೆಯವನಾದ ಗ್ರೌಪ್ನರನನ್ನು ಆತನ ಒಡೆಯನು ಬಿಟ್ಟುಕೊಡಲಿಲ್ಲ. ಉತ್ತಮರು ಸಿಕ್ಕದಿರುವಾಗ ಮಧ್ಯಮರಲ್ಲಿ ಒಬ್ಬನನ್ನು ತೆಗೆದುಕೊಳ್ಳಬೇಕಾಗುತ್ತದೆಂದು ಸಭಾಸದನೊಬ್ಬನು ಆಡಿದ ಮಾತು ಕಡತದಲ್ಲಿ ಉಳಿದಿದೆ. ಆ ಮಧ್ಯಮನು ಬಂದ ಮೊದಲ ವರ್ಷಗಳಲ್ಲಿ ಹೆಚ್ಚು ಕಡಮೆ ವಾರಕ್ಕೊಂದು ಹೊಸ ಕೃತಿಯನ್ನು ರಚಿಸಿ, ಹುಡುಗರಿಗೆ ಕಲಿಸಿ, ಭಾನುವಾರದ ಪೂಜೆಯಲ್ಲಿ ಹಾಡಿಸುತ್ತಿದ್ದನು.

ಆತನ ವಿದ್ಯೆಯ ಶಿಖರವೆಂದರೆ 'ಫ್ಯೂಗ್' ಎಂಬ ರಚನೆ. ತಂಬೂರಿಯ ಶ್ರುತಿಯ ಮೇಲೆ ಒಂದೇ ಕಂಠವು ರಾಗವನ್ನು ಬೆಳೆಸುವುದನ್ನು ಕೇಳಿ ಬಲ್ಲವರಿಗೆ ಇದರ ಕ್ರಮವು ಹೊಸದು. ಮೊದಲು ಒಂದು ಧ್ವನಿ ಮಾತ್ರ ಒಂದು ಚಿಕ್ಕ ಸ್ವರವಾಕ್ಯವನ್ನು ನುಡಿಯುತ್ತದೆ. ಅದು ಮುಗಿಯುತ್ತಲೇ ಎರಡನೆಯ ಧ್ವನಿ ಅದೇ ವಾಕ್ಯವನ್ನು ಪಂಚಮದಿಂದ ಎತ್ತಿಕೊಳ್ಳುತ್ತದೆ. ಆಗ ಮೊದಲನೆಯದು ಸುಮ್ಮನಾಗದೆ, ಅದಕ್ಕೆ ಒಪ್ಪುವ ಬೇರೊಂದು ಮಾತನ್ನು ಆಡುತ್ತಿರುತ್ತದೆ. ಬಳಿಕ ಮೂರನೆಯದು, ನಾಲ್ಕನೆಯದು. ವಾಕ್ಯವು ತಲೆಕೆಳಗಾಗಬಹುದು, ಎರಡರಷ್ಟು ನಿಧಾನವಾಗಬಹುದು, ಒಂದು ಮುಗಿಯುವ ಮೊದಲೇ ಇನ್ನೊಂದು ತೊಡಗಬಹುದು. ಇಲ್ಲಿ ಯಾರೂ ಹಿಮ್ಮೇಳದವರಲ್ಲ. ಒಂದು ಸೂತ್ರವನ್ನು ಹಿಡಿದು ನಾಲ್ವರು ಪಂಡಿತರು ಏಕಕಾಲದಲ್ಲಿ ವ್ಯಾಖ್ಯಾನ ಮಾಡಿದರೂ ಒಬ್ಬರ ಮಾತು ಇನ್ನೊಬ್ಬರಿಗೆ ಅಡ್ಡಬಾರದಂತೆ ಅದು ನಡೆಯುತ್ತದೆ. ಕೇಳುವವನು ಮಾತ್ರ ಮೈಯೆಲ್ಲ ಕಿವಿಯಾಗಿರಬೇಕು.

ಆ ಶ್ರಮವನ್ನೇ ಹೊಸ ಕಾಲವು ಬೇಡವೆಂದಿತು. ಇಟಲಿಯ ಗೀತನಾಟಕಗಳಿಂದ ಹೊರಟ ಹೊಸ ರುಚಿ ಜರ್ಮನಿಗೂ ಹಬ್ಬಿತು. ಅದಕ್ಕೆ 'ಗಾಲಾಂಟ್' ಶೈಲಿಯೆಂದು ಹೆಸರು. ಮೇಲೆ ಒಂದೇ ಸರಳವಾದ ಹಾಡು, ಕೆಳಗೆ ಅದನ್ನು ಹೊತ್ತು ನಡೆಯುವ ಹಗುರವಾದ ಸ್ವರಗಳು, ಉಸಿರಿಗೆ ತಕ್ಕಂತೆ ಎರಡೋ ನಾಲ್ಕೋ ಆವರ್ತಗಳ ಚಿಕ್ಕ ಚಿಕ್ಕ ಖಂಡಗಳು, ನಡುನಡುವೆ ವಿಶ್ರಾಂತಿ. ಗೀತನಾಟಕದ ಮೊದಲು ನುಡಿಸುತ್ತಿದ್ದ, ದ್ರುತ, ವಿಳಂಬ, ದ್ರುತವೆಂಬ ಮೂರು ಭಾಗಗಳ ವಾದ್ಯಮೇಳವು ನಾಟಕವನ್ನು ಬಿಟ್ಟು ಸ್ವತಂತ್ರವಾಗಿ ನಿಂತು 'ಸಿಂಫನಿ' ಎಂಬ ಪ್ರಕಾರಕ್ಕೆ ದಾರಿಯಾಯಿತು. ಇದನ್ನು ಅಲ್ಪವೆನ್ನುವುದು ನ್ಯಾಯವಲ್ಲ. ಸರಳವಾಗಿ ಹೇಳಿ ಮನಸ್ಸನ್ನು ಮುಟ್ಟುವುದೂ ವಿದ್ಯೆಯೇ.

1737ರಲ್ಲಿ ಯೋಹಾನ್ ಅಡೋಲ್ಫ್ ಶೈಬೆ ಎಂಬ ತರುಣ ವಿಮರ್ಶಕನು ತನ್ನ ಪತ್ರಿಕೆಯಲ್ಲಿ, ಬಾಖನು ಅತಿಯಾದ ಕೌಶಲದಿಂದ ತನ್ನ ಕೃತಿಗಳ ಸೌಂದರ್ಯವನ್ನು ಮಬ್ಬುಗೊಳಿಸುತ್ತಿದ್ದಾನೆ, ಸಹಜತೆಯನ್ನು ಕೆಡಿಸುತ್ತಿದ್ದಾನೆ ಎಂದು ಬರೆದನು. ಲೈಪ್‌ಜಿಗ್ ವಿಶ್ವವಿದ್ಯಾಲಯದಲ್ಲಿ ಅಲಂಕಾರಶಾಸ್ತ್ರವನ್ನು ಬೋಧಿಸುತ್ತಿದ್ದ ಬಿರ್ನ್‌ಬೌಮ್ ಎಂಬಾತನು ಮರುವರ್ಷ ಉತ್ತರವನ್ನು ಅಚ್ಚುಹಾಕಿಸಿದನು. ವಾದವು ಬೆಳೆಯಿತು, ರುಚಿ ಹಿಂದಿರುಗಲಿಲ್ಲ.

ವಿಮರ್ಶಕನ ಮಾತನ್ನಾದರೂ ಮರೆಯಬಹುದು. ಸ್ವಂತ ಮಕ್ಕಳೇ, ತಾನೇ ಕೈಹಿಡಿದು ಕಲಿಸಿದವರೇ, ಹೊಸ ದಾರಿಯಲ್ಲಿ ನಡೆದಾಗ ತಂದೆಯ ಮನಸ್ಸಿನಲ್ಲಿ ಏನಿದ್ದಿತೋ! ಎರಡನೆಯ ಮಗನಾದ ಕಾರ್ಲ್ ಫಿಲಿಪ್ ಇಮ್ಯಾನುಯೆಲನು ಪ್ರಷ್ಯದ ಅರಸನಾದ ಫ್ರೆಡರಿಕನ ಆಸ್ಥಾನದಲ್ಲಿದ್ದು, ಅರಸನು ಕೊಳಲು ನುಡಿಸುವಾಗ ಹಾರ್ಪ್ಸಿಕಾರ್ಡ್ ವಾದ್ಯದಲ್ಲಿ ಜೊತೆಗೊಡುತ್ತಿದ್ದನು. 1747ರ ಮೇ ತಿಂಗಳಲ್ಲಿ ತಂದೆಯು ಪಾಟ್ಸ್‌ಡಾಮಿಗೆ ಹೋದನು. ಆಗ ವಯಸ್ಸು ಅರುವತ್ತೆರಡು. ಅರಸನು ಒಂದು ವಕ್ರವಾದ ಸ್ವರವಾಕ್ಯವನ್ನು ಕೊಟ್ಟು, ಇದರ ಮೇಲೆ ಫ್ಯೂಗ್ ಆಗಲಿ ಎಂದನು. ಮುದುಕನು ಕುಳಿತಲ್ಲೇ ಮೂರು ಧ್ವನಿಗಳಲ್ಲಿ ನುಡಿಸಿದನು. ಆರು ಧ್ವನಿಗಳಲ್ಲಾಗಲಿ ಎಂದಾಗ, ಎಲ್ಲ ವಾಕ್ಯಗಳೂ ಅದಕ್ಕೆ ಒದಗವೆಂದು ತನ್ನದೇ ವಾಕ್ಯವೊಂದನ್ನು ಆರಿಸಿ ನುಡಿಸಿದನು. ಆದರೆ ಊರಿಗೆ ಮರಳಿದ ಮೇಲೆ ಅರಸನ ವಾಕ್ಯವನ್ನೇ ಆರು ಧ್ವನಿಗಳಲ್ಲಿ ಬೆಳೆಸಿ, ಬೇರೆ ರಚನೆಗಳನ್ನೂ ಸೇರಿಸಿ, 'ಸಂಗೀತ ಕಾಣಿಕೆ' ಎಂದು ಅಚ್ಚುಹಾಕಿಸಿ ಅರ್ಪಿಸಿದನು. ಅದರಲ್ಲಿ ಅರಸನ ಕೊಳಲಿಗೆಂದು ಬರೆದ ಸೊನಾಟಾ ಒಂದುಂಟು. ಅದರ ವಿಳಂಬ ಭಾಗದಲ್ಲಿ ಹೊಸ ರುಚಿಯ ನಿಟ್ಟುಸಿರುಗಳೂ ಕೇಳಿಬರುತ್ತವೆ. ಹೊಸದು ಬಾರದೆ ಆತನು ಹಳೆಯದನ್ನು ಹಿಡಿದಿರಲಿಲ್ಲ.

1750ರ ಜುಲೈ 28ರಂದು ಆತನು ತೀರಿಕೊಂಡನು. 'ಫ್ಯೂಗ್ ಕಲೆ' ಎಂಬ ಕೊನೆಯ ಮಹಾಗ್ರಂಥದ ಒಂದು ರಚನೆ, ಬಾಖ್ ಎಂಬ ಹೆಸರಿನ ನಾಲ್ಕು ಅಕ್ಷರಗಳೇ ಸ್ವರಗಳಾಗಿ ಬಂದ ತುಸು ಹೊತ್ತಿಗೆ ನಿಂತುಹೋಗಿದೆ. ಮಕ್ಕಳು ಅದನ್ನು ಅಚ್ಚುಹಾಕಿಸಿದರು. ಮಾರಾಟವಾದದ್ದು ಸುಮಾರು ಮೂವತ್ತು ಪ್ರತಿ. 1756ರಲ್ಲಿ ಇಮ್ಯಾನುಯೆಲನು ಅದರ ತಾಮ್ರದ ತಗಡುಗಳನ್ನು ಮಾರುವುದಾಗಿ ಪ್ರಕಟಣೆಯನ್ನು ಕೊಟ್ಟನು. ವಿಧವೆಯಾದ ಆನಾ ಮಗ್ದಲೇನಳು ಧರ್ಮದ ಅನ್ನವನ್ನುಂಡು 1760ರಲ್ಲಿ ಕಣ್ಣುಮುಚ್ಚಿದಳು. ಮಕ್ಕಳ ಕೀರ್ತಿಯು ಹಬ್ಬುತ್ತಿದ್ದ ಕಾಲವೇ ಅದು. ಇದನ್ನು ಓದುವಾಗ ಯಾವ ಗೃಹಸ್ಥನ ಎದೆಯಾದರೂ ಭಾರವಾಗದಿರದು.

ಆದರೂ ಮಕ್ಕಳನ್ನು ವಿದ್ಯಾದ್ರೋಹಿಗಳೆನ್ನಲಾಗದು. ಇಮ್ಯಾನುಯೆಲನು 1753ರಲ್ಲಿ ವಾದನವನ್ನು ಕುರಿತು ಬರೆದ ಗ್ರಂಥದಲ್ಲಿ, ನುಡಿಸುವವನು ತಾನು ಕರಗದೆ ಕೇಳುವವರನ್ನು ಕರಗಿಸಲಾರನೆಂಬ ಅಭಿಪ್ರಾಯವನ್ನು ಹೇಳಿದ್ದಾನೆ. ರಸವನ್ನು ಬಲ್ಲವರಿಗೆ ಇದು ಪರಿಚಿತವಾದ ಮಾತೇ. ಹೈಡನನು ಆತನಿಗೆ ತಾನು ಋಣಿಯೆಂದು ಒಪ್ಪಿಕೊಂಡನು. ಕಿರಿಯ ಮಗನಾದ ಯೋಹಾನ್ ಕ್ರಿಸ್ಟಿಯನನು ಇಟಲಿಗೆ ಹೋಗಿ, ಮತವನ್ನೂ ಬದಲಿಸಿ, 1762ರಲ್ಲಿ ಲಂಡನ್ನಿಗೆ ಬಂದು ಗೀತನಾಟಕಗಳಿಂದ ಹೆಸರಾದನು. 1764ರಲ್ಲಿ ಎಂಟು ವರ್ಷದ ಮೊಟ್ಸಾರ್ಟನನ್ನು ಅಕ್ಕರೆಯಿಂದ ಕಂಡವನು ಅವನೇ.

ತಂದೆಯ ವಿದ್ಯೆ ಅಂಗಡಿಯಲ್ಲಿ ಮಾರಾಟವಾಗದಿದ್ದರೂ ಶಿಷ್ಯರ ಕೈಬರಹದಲ್ಲಿ ಬದುಕಿತು. ಇಪ್ಪತ್ತನಾಲ್ಕು ಶ್ರುತಿಭೇದಗಳಲ್ಲಿ ಪೀಠಿಕೆ, ಫ್ಯೂಗ್‌ಗಳನ್ನು ಜೋಡಿಸಿದ ಆತನ 1722ರ ಪಾಠಗ್ರಂಥವು ಅಚ್ಚಾದದ್ದು 1801ರಲ್ಲಿ. ಎಂಬತ್ತು ವರ್ಷಗಳ ಕಾಲ ಅದು ತಾಳೆಗರಿಯ ಗ್ರಂಥದಂತೆ ಗುರುವಿನಿಂದ ಶಿಷ್ಯನಿಗೆ ಪ್ರತಿಯಾಗಿ ಸಾಗಿತು. ಬಾನ್ ನಗರದಲ್ಲಿ ಬಾಲಕ ಬೀಥೋವನನು ಅದನ್ನು ನುಡಿಸುತ್ತಿದ್ದನೆಂದು 1783ರಲ್ಲಿಯೇ ಪತ್ರಿಕೆಯೊಂದು ಬರೆಯಿತು. ಹೊಸ ಶೈಲಿಯೂ ತನ್ನ ಸರಳತೆಯಲ್ಲಿ ಆಳವು ಸಾಲದೆಂದು ಕಂಡಾಗ ಹಳೆಯ ಮನೆಯ ಬಾಗಿಲನ್ನೇ ತಟ್ಟಿತು. ಹೈಡನನು 1772ರಲ್ಲಿ ತನ್ನ ಆರು ಚತುರ್ವಾದ್ಯ ಕೃತಿಗಳಲ್ಲಿ ಮೂರನ್ನು ಫ್ಯೂಗ್‌ಗಳಿಂದ ಮುಗಿಸಿದನು. ಮೊಟ್ಸಾರ್ಟನು 1782ರಲ್ಲಿ ವಿಯೆನ್ನಾದ ಫಾನ್ ಸ್ವೀಟೆನ್ ಪ್ರಭುವಿನ ಮನೆಯಲ್ಲಿ ಭಾನುವಾರದ ಮಧ್ಯಾಹ್ನಗಳಲ್ಲಿ ಬಾಖನನ್ನೂ ಹಾಂಡೆಲನನ್ನೂ ಅಭ್ಯಾಸಮಾಡಿದನು. 1788ರ ತನ್ನ ಕೊನೆಯ ಸಿಂಫನಿಯ ಅಂತ್ಯದಲ್ಲಿ ಹೊಸ ಲಾಲಿತ್ಯವನ್ನೂ ಹಳೆಯ ಹೆಣಿಗೆಯನ್ನೂ ಒಂದುಮಾಡಿದನು.

ಮರುವರ್ಷ ಆತನು ಲೈಪ್‌ಜಿಗ್ಗಿಗೆ ಬಂದಾಗ ಸಂತ ಥಾಮಸ್ ಶಾಲೆಯ ಹುಡುಗರು ತಮ್ಮ ಹಳೆಯ ಉಪಾಧ್ಯಾಯನ ಕೀರ್ತನೆಯೊಂದನ್ನು ಹಾಡಿದರು. ಮೊಟ್ಸಾರ್ಟನು ಬೆರಗಾದನೆಂದೂ, ಶಾಲೆಯಲ್ಲಿದ್ದ ಆ ಬಗೆಯ ಕೃತಿಗಳನ್ನೆಲ್ಲ ತರಿಸಿದನೆಂದೂ, ಒಂದೊಂದು ಧ್ವನಿಯೂ ಬೇರೆ ಬೇರೆ ಹಾಳೆಯಲ್ಲಿದ್ದುದರಿಂದ ಅವನ್ನು ತೊಡೆಯ ಮೇಲೂ ಸುತ್ತಲಿನ ಕುರ್ಚಿಗಳ ಮೇಲೂ ಹರಡಿಕೊಂಡು, ಎಲ್ಲವನ್ನೂ ಓದಿ ಮುಗಿಸುವವರೆಗೆ ಏಳಲಿಲ್ಲವೆಂದೂ ಕಂಡವರು ಬರೆದಿದ್ದಾರೆ. ಉತ್ತಮರು ಸಿಕ್ಕಲಿಲ್ಲವೆಂದು ಮಧ್ಯಮನೊಬ್ಬನನ್ನು ನೇಮಿಸಿಕೊಂಡಿದ್ದ ಶಾಲೆಯೇ ಅದು.