ದೊಡ್ಡಗದ್ದವಳ್ಳಿಯಿಂದ ರಾಮನಾಥಪುರಕ್ಕೆ

ಕಳೆದ ಫಾಲ್ಗುಣದ ಕಡೆಯ ವಾರದಲ್ಲಿ ಒಂದು ಮಧ್ಯಾಹ್ನ ನಾವು ದೊಡ್ಡಗದ್ದವಳ್ಳಿಯ ಕೆರೆಯ ದಡದಲ್ಲಿ ಬುತ್ತಿಯ ಗಂಟು ಬಿಚ್ಚಿ ಕುಳಿತಿದ್ದೆವು. ಹಾಸನದಿಂದ ಬೇಲೂರಿಗೆ ಹೋಗುವ ದಾರಿಯಲ್ಲಿ ಸುಮಾರು ಹತ್ತು ಮೈಲಿ ಸಾಗಿ, ಹೆದ್ದಾರಿಯನ್ನು ಬಿಟ್ಟು ಒಳಕ್ಕೆ ತಿರುಗಿದರೆ ಈ ಊರು ಸಿಕ್ಕುವುದು. ಕೆರೆಯ ಅಂಚಿನಲ್ಲಿಯೇ ಲಕ್ಷ್ಮೀದೇವಿಯ ಗುಡಿ. ಹೊಯ್ಸಳ ವಿಷ್ಣುವರ್ಧನನ ಕಾಲದಲ್ಲಿ, 1113-14ರ ಸುಮಾರಿಗೆ, ಕುಲ್ಲಹಣ ರಾಹುತನೆಂಬ ವರ್ತಕನೂ ಅವನ ಮಡದಿ ಸಹಜಾದೇವಿಯೂ ಸೇರಿ ಇದನ್ನು ಕಟ್ಟಿಸಿದರು. ಬೇಲೂರಿನ ಗುಡಿಗಿಂತಲೂ ಇದು ಹಿರಿದು, ವಯಸ್ಸಿನಲ್ಲಿ. ಆದರೆ ಅದರ ವೈಭವವಿಲ್ಲ. ನಾಲ್ಕು ಗರ್ಭಗುಡಿಗಳು ಒಂದೇ ನಡುಮಂಟಪವನ್ನು ನೋಡುತ್ತ ಮೌನವಾಗಿ ನಿಂತಿರುವುವು. ಕಾಳಿಯ ಗುಡಿಯ ಬಾಗಿಲಿನ ಎರಡು ಕಡೆಯಲ್ಲಿಯೂ ನಿಂತ ಎಲುಬುಗೂಡಿನ ಬೇತಾಳಗಳನ್ನು ಕಂಡು ನಮ್ಮ ಮಕ್ಕಳು ಹೊರಗೆ ಓಡಿ ಬಂದದ್ದೂ ಆಯಿತು, ಧೈರ್ಯ ತಂದುಕೊಂಡು ಮತ್ತೆ ಒಳಗೆ ಇಣುಕಿದ್ದೂ ಆಯಿತು.

ಆ ಸಲ ನಮ್ಮ ಜೊತೆಯಲ್ಲಿ ಸ್ಕಾಟ್ಲೆಂಡಿನಲ್ಲಿ ನೆಲಸಿರುವ ನಮ್ಮ ಸೋದರಳಿಯನೂ ಅವನ ಹತ್ತು ವರ್ಷದ ಮಗನೂ ಬಂದಿದ್ದರು. ಊಟ ಮುಗಿಯುವಷ್ಟರಲ್ಲಿ ಊರಿನ ಹುಡುಗನೊಬ್ಬನು ಬಿದಿರುಕಡ್ಡಿಗೆ ದಾರ ಕಟ್ಟಿ, ಎರೆಹುಳುವನ್ನು ಸಿಕ್ಕಿಸಿ, ಬೆರಳುದ್ದದ ಮೀನೊಂದನ್ನು ನೀರಿನಿಂದ ಮೇಲಕ್ಕೆ ಚಿಮ್ಮಿಸಿದನು. ಅದನ್ನು ನೋಡಿದ್ದೇ ತಡ, ನಮ್ಮ ಮೊಮ್ಮಗನು ಎದ್ದು ನಿಂತು, ಇಲ್ಲಿ ಟ್ರೌಟ್ ಹೊಳೆ ಎಲ್ಲಿದೆ, ನಮ್ಮ ಕೋಲು ಕಾರಿನಲ್ಲಿದೆಯಲ್ಲ ಎಂದನು. ಅಲ್ಲಿ ಮಾರ್ಚ್ 15ರಂದು ಟ್ರೌಟ್ ಮೀನಿನ ಬೇಟೆಗೆ ಅನುಮತಿ ಆರಂಭವಾಗುವುದಂತೆ. ಆ ದಿನಕ್ಕಾಗಿ ಅವನು ಚಳಿಗಾಲವೆಲ್ಲ ಕಾದಿದ್ದನು. ಕಡೆಗೆ ಆ ದಿನ ಅವನು ಇದ್ದದ್ದು ಹಾಸನದಲ್ಲಿ. ಅವನ ಮುಖವನ್ನು ನೋಡಿ ನಾವು ಹಿಂದುಮುಂದು ನೋಡದೆ ಮಾತು ಕೊಟ್ಟುಬಿಟ್ಟೆವು: ನಾಳೆ ನಿನ್ನನ್ನು ದೊಡ್ಡ ಮೀನಿರುವ ಹೊಳೆಗೆ ಕರೆದುಕೊಂಡು ಹೋಗುವೆವು, ಎಂದು.

ಈ ಬೇಟೆಯ ವಿಷಯವನ್ನು ಅರಿಯದ ವಾಚಕರಿಗೆ ಎರಡು ಮಾತು. ಟ್ರೌಟ್ ಎಂಬುದು ತಣ್ಣೀರಿನ ಮೀನು. ವಸಂತದಲ್ಲಿ ನೀರಿನ ಅಡಿಯಿಂದ ಸಣ್ಣ ನೊಣಗಳು ರೆಕ್ಕೆ ಮೂಡಿ ಮೇಲೇಳುವುವು. ಅವುಗಳನ್ನು ತಿನ್ನಲು ಮೀನು ಮೇಲಕ್ಕೆ ಬರುವುದು. ಬೇಟೆಗಾರನು ಸಣ್ಣ ಗಾಳಕ್ಕೆ ಗರಿಯನ್ನೂ ನೂಲನ್ನೂ ಸುತ್ತಿ ಅದೇ ನೊಣದಂತೆ ಮಾಡಿ, ಬಳುಕುವ ಕೋಲಿನಿಂದ ನೀರಿನ ಮೇಲೆ ಹಗುರವಾಗಿ ಇಳಿಸುವನು. ಗರಿಗೆ ತೂಕವಿಲ್ಲ, ಕೋಲಿನ ಬೀಸಿಗೆ ಹಾರುವುದು ದಾರದ ತೂಕ. ಇಂಥ ಮೀನು ನಮ್ಮ ಮಲೆನಾಡಿನ ಬೆಚ್ಚನೆಯ ಹೊಳೆಗಳಲ್ಲಿ ಬಾಳದು. ಇಪ್ಪತ್ತನೆಯ ಶತಮಾನದ ಮೊದಲಲ್ಲಿ ಇಂಗ್ಲಿಷರು ಬಹಳ ಪ್ರಯಾಸಪಟ್ಟು ಅದನ್ನು ನೀಲಗಿರಿಯ ಎತ್ತರದ ತೊರೆಗಳಲ್ಲಿ ನೆಲೆಗೊಳಿಸಿದರು. ನಮ್ಮ ಹೊಳೆಗಳ ದೊರೆ ಬೇರೆ. ಅದು ಮಹಸೀರ್, ನಮ್ಮವರು ಹೇಳುವ ಬಿಳಿಮೀನು.

ಗಾಳದ ವಿನೋದವು ಪರದೇಶದಿಂದ ಬಂದದ್ದೆಂದು ಯಾರೂ ತಿಳಿಯಬಾರದು. ದೊಡ್ಡಗದ್ದವಳ್ಳಿಯ ಗುಡಿ ಎದ್ದ ಎರಡು ದಶಕಗಳೊಳಗೆ ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು ಮಾನಸೋಲ್ಲಾಸವೆಂಬ ಸಂಸ್ಕೃತ ಗ್ರಂಥವನ್ನು ರಚಿಸಿದನು. ಅದರಲ್ಲಿ ಮತ್ಸ್ಯವಿನೋದಕ್ಕೇ ಒಂದು ಭಾಗವಿದ್ದು, ಮೀನಿನ ಜಾತಿಗಳು, ಗಾಳದ ಕೋಲು, ದಾರ, ಒಡ್ಡುವ ಆಹಾರ, ಎಳೆಯುವ ಕ್ರಮ ಎಲ್ಲವೂ ಹೇಳಲ್ಪಟ್ಟಿವೆ. ಗುಡಿಯ ನೆರಳಿನಲ್ಲಿ ಇದನ್ನು ಹೇಳಿದಾಗ ಹುಡುಗನು ಕಿವಿ ನಿಮಿರಿಸಿ ಕೇಳಿ, ಆ ದೊರೆಯ ಮೀನು ಎಷ್ಟು ದೊಡ್ಡದು ಎಂದನು. ದೊರೆಯದು ತಿಳಿಯದಿದ್ದರೂ, 1946ರ ಮಾರ್ಚ್ ತಿಂಗಳಲ್ಲಿ ಮೈಸೂರಿನ ವ್ಯಾನ್ ಇಂಗನ್ ಮನೆತನದವರೊಬ್ಬರು ಕಬಿನಿಯಲ್ಲಿ ಹಿಡಿದ ಮಹಸೀರು 120 ಪೌಂಡು ತೂಗಿತೆಂದು ಹೇಳಿದೆವು. ಆ ರಾತ್ರಿ ಅವನಿಗೆ ನಿದ್ರೆ ಬಂದಂತೆ ತೋರಲಿಲ್ಲ; ನಮಗೂ ಬರಲಿಲ್ಲ. ಕೊಟ್ಟ ಮಾತನ್ನು ಹೇಗೆ ನಡೆಸುವುದೆಂಬುದೇ ನಮ್ಮ ಚಿಂತೆ. ಏಕೆಂದರೆ ನಾವು ಕರೆದೊಯ್ಯಲಿದ್ದ ರಾಮನಾಥಪುರದಲ್ಲಿ ಮೀನು ಉಂಟು, ಗಾಳ ಹಾಕುವಂತಿಲ್ಲ.

ಬೆಳಗಾಗುತ್ತಲೇ ಹೊರಟೆವು. ಹಾಸನವನ್ನು ದಾಟಿ ಗೊರೂರಿಗೆ ಬಂದರೆ ಹೇಮಾವತಿ. ಮೂಡಿಗೆರೆಯ ಕಡೆಯ ಬೆಟ್ಟಗಳಲ್ಲಿ ಹುಟ್ಟಿ ಸಕಲೇಶಪುರದ ಮೇಲೆ ಇಳಿದುಬರುವ ಈ ಹೊಳೆಗೆ ಇಲ್ಲಿ 1979ರಲ್ಲಿ ಅಣೆಕಟ್ಟು ಪೂರ್ಣವಾಯಿತು. ಗೊರೂರು ರಾಮಸ್ವಾಮಿ ಅಯ್ಯಂಗಾರ್ಯರು ತಮ್ಮ ಬರಹಗಳಲ್ಲಿ ಅಕ್ಕರೆಯಿಂದ ಚಿತ್ರಿಸಿದ ಹೊಳೆಯು ಇಲ್ಲಿ ಕಡಲಿನಂತೆ ನಿಂತಿದೆ. ಗದ್ದೆಗೆ ನೀರು ಬಂದಿತು, ನಿಜ. ಆದರೆ ಮುಂಗಾರಿನಲ್ಲಿ ಮೊಟ್ಟೆಯಿಡಲು ಹೊಳೆಯ ಮೇಲಕ್ಕೆ ಏರುವ ಮೀನಿಗೆ ಗೋಡೆಯೂ ಬಂದಿತು. ಅಲ್ಲಿಂದ ಅರಕಲಗೂಡು; ಹೊಂಗೆಯ ಮರಗಳೆಲ್ಲ ಹೊಸ ಚಿಗುರಿನಿಂದ ಹೊಳೆಯುತ್ತಿದ್ದುವು. ಹೊಗೆಸೊಪ್ಪು ಒಣಗಿಸುವ ಎತ್ತರದ ಮನೆಗಳನ್ನು ನೋಡುತ್ತ ದಕ್ಷಿಣಕ್ಕೆ ಸಾಗಿ ಹೊತ್ತೇರುವ ಮೊದಲೇ ಕಾವೇರಿಯ ತಡಿಯನ್ನು ಸೇರಿದೆವು.

ರಾಮನಾಥಪುರದಲ್ಲಿ ರಾಮೇಶ್ವರನ ಗುಡಿ, ಸುಬ್ರಹ್ಮಣ್ಯನ ಗುಡಿ. ಹೊಳೆಯಲ್ಲಿ ಬಂಡೆಗಳ ನಡುವೆ ವಹ್ನಿಪುಷ್ಕರಿಣಿಯೆಂಬ ಮಡು. ಈ ಮಡುವಿನ ಮೀನು ದೇವರ ಮೀನು. ಅದನ್ನು ಹಿಡಿಯುವವರಿಲ್ಲ, ಹೊಡೆಯುವವರಿಲ್ಲ. ಬಂದವರೆಲ್ಲರೂ ಪುರಿಯನ್ನು ಎರಚುವರು. ನಾವೂ ಎರಚಿದೆವು. ಕಂದುನೀರು ಒಮ್ಮೆಲೆ ಕುದಿಯಿತು. ಕರಿಯ ಬೆನ್ನುಗಳು, ದುಂಡು ಬಾಯಿಗಳು, ದೊಡ್ಡ ಚಿಪ್ಪುಗಳ ಮಿಂಚು. ಮೆಟ್ಟಿಲಿನ ಅಂಚಿಗೇ ಬಂದು ಒಂದರ ಮೇಲೊಂದು ಉರುಳಿದುವು. ಹುಡುಗನು ಉಸಿರು ಬಿಗಿಹಿಡಿದು ನೋಡಿದನು. ಆಮೇಲೆ ಕೋಲನ್ನು ತರಲು ಓಡಿದನು.

ಆಗ ನಾವು ನಿಜವನ್ನು ಹೇಳಲೇಬೇಕಾಯಿತು. ಅವನು ಅಳಲಿಲ್ಲ, ಅತ್ತಿದ್ದರೆ ಚೆನ್ನಾಗಿತ್ತು. ನೀವು ಹೊಳೆಗೆ ಕರೆದುಕೊಂಡು ಹೋಗುವೆನೆಂದಿರಿ, ಹಿಡಿಸುವೆನೆಂದು ಹೇಳಲಿಲ್ಲ, ಅಲ್ಲವೆ ಎಂದನು. ಹಿರಿಯರ ಮಾತಿನ ಜಾಣತನವನ್ನು ಮಗುವು ಹೀಗೆ ಬಿಡಿಸಿ ತೋರಿದಾಗ ಆಗುವ ನಾಚಿಕೆಯು ಅನುಭವಿಸಿದವರಿಗೇ ಗೊತ್ತು.

ನಮ್ಮ ಮಾನವನ್ನು ಉಳಿಸಿದವರು ಮೆಟ್ಟಿಲಿನ ಮೇಲೆ ಕುಳಿತಿದ್ದ ಒಬ್ಬ ವೃದ್ಧರು. ಅವರು ಶಿವನಸಮುದ್ರದಿಂದ ಕೆಳಗಿನ ಭೀಮೇಶ್ವರಿಯ ಕಡೆಯವರು, ಮಗಳ ಮನೆಗೆ ಬಂದಿದ್ದರು. ಕೋಲನ್ನು ಕಂಡೊಡನೆ ಕೈ ಚಾಚಿ, ಬಗ್ಗಿಸಿ ನೋಡಿ, ಹಗುರವಾದರೂ ಒಳ್ಳೆಯ ಕೋಲು ಎಂದರು. ವಿಚಾರಿಸಲಾಗಿ, ಅವರು ಅಲ್ಲಿಯ ಗಾಳದ ಬಿಡಾರಗಳಲ್ಲಿ ಬಹುಕಾಲ ಅತಿಥಿಗಳಿಗೆ ದಾರಿತೋರುಗರಾಗಿದ್ದರೆಂದು ತಿಳಿಯಿತು. 1977-78ರಲ್ಲಿ ಮೂವರು ಇಂಗ್ಲಿಷ್ ತರುಣರು ಕಾವೇರಿಗೆ ಬಂದು, ಅಳಿದುಹೋಯಿತೆಂದು ಜನ ನಂಬಿದ್ದ ದೊಡ್ಡ ಮಹಸೀರನ್ನು ಹಿಡಿದು ತೋರಿಸಿದ ಮೇಲೆ ಆ ಬಿಡಾರಗಳು ಹೆಸರಾದುವು. ಹಿಡಿದ ಮೀನನ್ನು ತೂಗಿ, ಪುಸ್ತಕದಲ್ಲಿ ಬರೆದು, ಮತ್ತೆ ನೀರಿಗೇ ಬಿಡಬೇಕೆಂಬುದು ಅಲ್ಲಿಯ ನಿಯಮ. ಮೊದಲು ಹೊಳೆಗೆ ಸಿಡಿಮದ್ದು ಎಸೆಯುತ್ತಿದ್ದವರಲ್ಲಿ ಕೆಲವರೇ ಆಮೇಲೆ ಕಾವಲುಗಾರರೂ ದಾರಿತೋರುಗರೂ ಆದರು.

ಆ ಕೆಲಸದ ಮರ್ಮವನ್ನು ಅವರು ಹುಡುಗನಿಗೆ ಹೇಳಿದ ರೀತಿಯನ್ನು ನಾವು ಮರೆಯಲಾರೆವು. ಬೇಸಗೆ ಮೊದಲಾಗಿ ನೀರು ತಿಳಿಯಾಗುವ ಕಾಲವೇ ಒಳ್ಳೆಯದು. ಮೊದಲು ಹೊಳೆಯನ್ನು ಓದಬೇಕು: ಬಿರುನೀರು ಎಲ್ಲಿ ಮುಗಿದು ಮಡುವಿಗೆ ಇಳಿಯುವುದೋ, ಬಂಡೆಯ ಹಿಂದೆ ಎಲ್ಲಿ ನೀರು ಸುಳಿದು ನಿಲ್ಲುವುದೋ, ಅಲ್ಲಿ ಮೀನು ಕಾಯುವುದು. ಬಂಡೆಯ ಮೇಲೆ ಹೆಜ್ಜೆ ಸಪ್ಪಳವಾಗಬಾರದು. ಮೀನು ಮೈಯಿಂದಲೇ ಕೇಳುವುದು. ಗರಿಯ ನೊಣವಾದರೂ ಸರಿ, ಲೋಹದ ತಗಡಾದರೂ ಸರಿ. ಅವರ ಕೈಗೆ ಒಗ್ಗಿದ್ದು ಬೇಯಿಸಿ ನಾದಿದ ರಾಗಿಯ ಉಂಡೆ, ನಿಂಬೆಯ ಹಣ್ಣಿನ ಗಾತ್ರದ್ದು. ಮೀನು ಕಚ್ಚಿ ಓಡಿದರೆ ಹರಿಗೋಲಿನಲ್ಲಿ ಬೆನ್ನಟ್ಟಬೇಕು. ಆದರೆ ದಾರಿತೋರುಗನ ನಿಜವಾದ ಪರೀಕ್ಷೆಯು ಮೀನು ದಡಕ್ಕೆ ಬಂದ ಮೇಲೆ. ಸೋತ ಮೀನನ್ನು ಎದೆಮಟ್ಟದ ನೀರಿನಲ್ಲಿ ಎರಡು ಕೈಗಳಿಂದ ಆನಿಸಿ, ತಲೆಯನ್ನು ಹರಿವಿಗೆ ಎದುರಾಗಿ ಹಿಡಿದು ನಿಲ್ಲಬೇಕು. ಕಿವಿರುಗಳಿಗೆ ನೀರು ಹಾಯ್ದು, ಅದಕ್ಕೆ ಶಕ್ತಿ ಬಂದು, ತಾನಾಗಿ ಬಾಲ ಬೀಸಿ ಹೋಗುವ ತನಕ ಕೈಬಿಡಬಾರದು. ಅತಿಥಿಗಳು ಚಿತ್ರ ತೆಗೆಸಿಕೊಂಡು ಬಿಡಾರಕ್ಕೆ ಹೋದ ಮೇಲೂ ನಾನು ನಿಂತಿರುತ್ತಿದ್ದೆ, ಎಂದರು.

ಆಮೇಲೆ ಮಡುವಿನಿಂದ ದೂರದ ಹುಲ್ಲಿನ ಮೇಲೆ ಹುಡುಗನನ್ನು ನಿಲ್ಲಿಸಿ, ದಾರದ ತುದಿಯಿಂದ ಗಾಳವನ್ನು ಬಿಚ್ಚಿಸಿ, ಅಲ್ಲಿ ಒಂದು ಚೂರು ಹತ್ತಿಯನ್ನು ಕಟ್ಟಿಸಿದರು. ಇಪ್ಪತ್ತು ಹೆಜ್ಜೆ ಆಚೆಗೆ ಒಂದು ಮುತ್ತುಗದ ಎಲೆ. ಬೀಸುವ ಕಲೆಯನ್ನು ಬಲ್ಲವನು ಹುಡುಗ, ಗುರಿಯ ಕಲೆಯನ್ನು ಬಲ್ಲವರು ವೃದ್ಧರು. ಒಂದು ಗಂಟೆಯ ಕಾಲ ಒಣನೆಲದಲ್ಲಿ ಬೇಟೆ ನಡೆಯಿತು. ಹತ್ತಿಯು ಕಡೆಗೊಮ್ಮೆ ಎಲೆಯ ಮೇಲೆ ಸದ್ದಿಲ್ಲದೆ ಕುಳಿತಾಗ ವೃದ್ಧರು, ಬಂತು, ಈಗ ಬಿಟ್ಟುಬಿಡು ಎಂದರು. ಹುಡುಗನು ಓಡಿಹೋಗಿ, ಎಲೆಯನ್ನು ಎರಡು ಕೈಗಳಲ್ಲಿ ಎತ್ತಿ, ಹೊಳೆಗೆ ತಂದು, ಹರಿವಿಗೆ ಎದುರಾಗಿ ಹಿಡಿದು, ಬಿಟ್ಟನು.

ಹೊರಡುವಾಗ ಹುಡುಗನು, ನಿಮ್ಮ ಕಡೆ ಈಗಲೂ ದೊಡ್ಡ ಮೀನು ಇದೆಯೇ ಎಂದು ಕೇಳಿದನು. ವೃದ್ಧರು ತಡೆದು ಉತ್ತರ ಕೊಟ್ಟರು. ಅದರ ಹಿಂದಿನ ಕಥೆಯನ್ನು ವಾಚಕರು ತಿಳಿಯಬೇಕು. ಆ ಹೊಳೆಯು ವನ್ಯಧಾಮದೊಳಗಿನದಾದುದರಿಂದ 2012ರ ವೇಳೆಗೆ ಅಲ್ಲಿಯ ಗಾಳದ ವಿನೋದವು ನಿಂತಿತು. ಉಳಿದದ್ದು ಬಿಡಾರದ ಲೆಕ್ಕದ ಪುಸ್ತಕ. 1998ರಿಂದ 2012ರವರೆಗೆ ಹಿಡಿದುಬಿಟ್ಟ ಆರು ಸಾವಿರಕ್ಕೂ ಮಿಕ್ಕ ಮೀನುಗಳ ಆ ಲೆಕ್ಕವನ್ನು ವಿದ್ವಾಂಸರು ಪರಿಶೀಲಿಸಿದಾಗ ಒಂದು ಸಂಗತಿ ಹೊರಬಿದ್ದಿತು. ಮೀನಿನ ಸಂಖ್ಯೆ ಕುಂದಿರಲಿಲ್ಲ. ಆದರೆ ಕಾವೇರಿಗೇ ಸ್ವಂತವಾದ, ಗೂನುಬೆನ್ನಿನ, ಕಿತ್ತಳೆಬಣ್ಣದ ರೆಕ್ಕೆಯ ಮಹಸೀರು ಕಾಣೆಯಾಗುತ್ತ ಬಂದು, ಮರಿಸಾಕಣೆ ಕೇಂದ್ರಗಳಿಂದ ಸದುದ್ದೇಶದಿಂದಲೇ ತಂದುಬಿಟ್ಟ ನೀಲಿರೆಕ್ಕೆಯ ಜಾತಿಯು ಅದರ ಸ್ಥಾನವನ್ನು ಆಕ್ರಮಿಸಿತ್ತು. ಇಷ್ಟು ಪ್ರಸಿದ್ಧವಾದ ಮೀನಿಗೆ ಸರಿಯಾದ ಶಾಸ್ತ್ರೀಯ ನಾಮವು ನಿಶ್ಚಯವಾದದ್ದು 2018ರಲ್ಲಿ. ಮತ್ಸ್ಯಶಾಸ್ತ್ರಜ್ಞೆ ರೇಮಾದೇವಿಯವರ ಹೆಸರಿನಿಂದ ಅದನ್ನು ಟಾರ್ ರೇಮಾದೇವಿ ಎನ್ನುವರು. ಅದೇ ವರ್ಷದಲ್ಲಿಯೇ ಅದು ಅಳಿವಿನ ಅಂಚಿಗೆ ಬಂದ ಜೀವಿಗಳ ಪಟ್ಟಿಯನ್ನೂ ಸೇರಿತು. ನಾಮಕರಣವೂ ಎಚ್ಚರಿಕೆಯ ಗಂಟೆಯೂ ಒಟ್ಟಿಗೇ ಆದ ಹಾಗಾಯಿತು.

ವೃದ್ಧರು ಹುಡುಗನಿಗೆ ಇಷ್ಟನ್ನೆಲ್ಲ ಹೇಳಲಿಲ್ಲ. ಕಿತ್ತಳೆ ರೆಕ್ಕೆಯದು ನನ್ನ ಕೈಯಿಂದ ಬಿಟ್ಟುಹೋಗಿದೆ, ಮತ್ತೆ ಬಂದಿಲ್ಲ, ನೀನು ದೊಡ್ಡವನಾಗುವ ಹೊತ್ತಿಗೆ ಬರಲಿ, ಎಂದಷ್ಟೇ ಹೇಳಿದರು.

ದೇವರ ಮಡುವುಗಳು ನಮ್ಮ ನಾಡಿನಲ್ಲಿ ಅನೇಕ ಉಂಟು. ಶೃಂಗೇರಿಯಲ್ಲಿ ತುಂಗೆಯ ಮೀನಿಗೆ ಪುರಿ ಹಾಕದ ಯಾತ್ರಿಕರು ವಿರಳ. ಆದರೆ ದಕ್ಷಿಣ ಕನ್ನಡದ ಶಿಶಿಲದಲ್ಲಿ 1996ರಲ್ಲಿ ದುರುಳರು ಹೊಳೆಗೆ ವಿಷ ಬೆರಸಿದಾಗ, ದೇವರ ಮೀನೆಂಬ ಹೆಸರು ಸಾವಿರಾರು ಮೀನುಗಳನ್ನು ಉಳಿಸಲಾರದೆ ಹೋಯಿತು. ಮಡುವಿಗೆ ಭಕ್ತಿಯು ಬೇಲಿ ಹಾಕಬಲ್ಲುದು, ಹೊಳೆಗೆ ಹಾಕಲಾರದು. ಗೊರೂರಿನಲ್ಲಿ ಒಂದು ಕಟ್ಟೆ, 1911ರಲ್ಲಿ ಮೊದಲಾದ ಕನ್ನಂಬಾಡಿಯಲ್ಲಿ ಇನ್ನೊಂದು ಕಟ್ಟೆ. ರಾಮನಾಥಪುರದ ಮೀನೂ ಭೀಮೇಶ್ವರಿಯ ಮೀನೂ ಇನ್ನು ಒಂದನ್ನೊಂದು ಕಾಣಲಾರವು. ಹೊಳೆಯ ಉದ್ದಕ್ಕೂ ನಿಂತು ಕಾಯುವ ಕೈಗಳು ಬೇಕು. ಪುರಿ ಎರಚುವ ಕೈಯೂ ಆಗಬಹುದು, ಹಿಡಿದು ಬಿಡುವ ಕೈಯೂ ಆಗಬಹುದು.

ಹಾಸನಕ್ಕೆ ಹಿಂದಿರುಗುವ ದಾರಿಯಲ್ಲಿ ಹುಡುಗನು ನಿದ್ದೆ ಹೋದನು. ಕೋಲು ಅದರ ಚೀಲದಲ್ಲಿ ನೀರು ಮುಟ್ಟದೆ ಹಾಗೆಯೇ ಇದ್ದಿತು. ಮನೆಯ ಬಾಗಿಲಿನಲ್ಲಿ ಅಜ್ಜಿಯು, ಎಷ್ಟು ಮೀನು ಹಿಡಿದೆಯಪ್ಪ ಎಂದು ಕೇಳಿದಾಗ ಅವನು ಕಣ್ಣುಜ್ಜಿಕೊಳ್ಳುತ್ತ, ಒಂದು, ಬಿಟ್ಟುಬಿಟ್ಟೆ ಎಂದನು. ನಾವು ತಿದ್ದಲಿಲ್ಲ.