ಮನೆಯಲ್ಲಿಯೇ ಕಾರು ಕಟ್ಟಬೇಕೆ?

ದೊಡ್ಡ ಖರ್ಚಿಗೆ ಕೈ ಹಾಕುವ ಮುನ್ನ ಮನೆಯ ನಾಲ್ಕು ಜನ ಕುಳಿತು ಲೆಕ್ಕ ಹಾಕುವುದು ನಮ್ಮ ವ್ಯಾಪಾರಸ್ಥ ಮನೆತನಗಳ ಹಳೆಯ ಪದ್ಧತಿ. ಮನೆ ಕಟ್ಟುವುದು, ಅಂಗಡಿ ಬೆಳೆಸುವುದು, ಮಕ್ಕಳ ಮದುವೆ, ಬಸದಿಯ ಜೀರ್ಣೋದ್ಧಾರಕ್ಕೆ ಕೊಡುವ ದೇಣಿಗೆ, ಇವುಗಳ ಅಂದಾಜು ಹಿರಿಯರಿಗೆ ಬಾಯಿಪಾಠವಾಗಿತ್ತು. ಆದರೆ ಕಾರನ್ನು ಕೊಳ್ಳದೆ ಮನೆಯಲ್ಲಿಯೇ ಮಾಡಿದರೆ ಎಷ್ಟು ಬೀಳುತ್ತದೆ ಎಂಬ ಲೆಕ್ಕ ಅವರ ಕಿರ್ದಿಯಲ್ಲಿ ಎಲ್ಲಿಯೂ ಸಿಗುವುದಿಲ್ಲ. ಕಳೆದ ವರ್ಷ ಆ ಲೆಕ್ಕವನ್ನು ನಾವೇ ಹಾಕಬೇಕಾಯಿತು. ಇಂದು ಎಷ್ಟೋ ಮನೆಗಳಲ್ಲಿ ಇಂಜಿನಿಯರಿಂಗ್ ಓದುವ ಮಕ್ಕಳಿರುವುದರಿಂದ ಆ ವಿಚಾರವನ್ನು ವಾಚಕ ಬಂಧುಗಳ ಮುಂದೆ ಇಡುತ್ತಿದ್ದೇವೆ.

ನಮ್ಮದು ಜತ್ತದ ಪೇಟೆಯಲ್ಲಿ ಕಬ್ಬಿಣದ ಅಂಗಡಿ. ಹಿರಿಯ ಮೊಮ್ಮಗ ಇಂಜಿನಿಯರಿಂಗ್ ಎರಡನೆಯ ವರ್ಷದಲ್ಲಿದ್ದಾನೆ. ಸೂಟಿಗೆ ಬಂದವನು ಒಂದು ರಾತ್ರಿ ಊಟವಾದ ಮೇಲೆ ನಕಾಶೆ ಬರೆದ ಹಾಳೆಗಳನ್ನು ಹರವಿ ಕುಳಿತ. "ಅಜ್ಜಾ, ಪೈಪು ನಮ್ಮ ಅಂಗಡ್ಯಾಗ ಅದಾವು. ವೆಲ್ಡಿಂಗ್ ನನಗ ಬರತೈತಿ. ಒಂದು ಹಳೇ ಆಮ್ನಿ ಸಿಕ್ಕರ ತೊಂಬತ್ತು ಸಾವಿರದಾಗ ಕಾರು ನಿಂದರಸ್ತೀನ್ರಿ" ಎಂದ.

ಹುಡುಗನ ಮಾತು ಗಾಳಿಯ ಮಾತಾಗಿರಲಿಲ್ಲ. ಇಂಗ್ಲೆಂಡಿನಲ್ಲಿ ಕಾಲಿನ್ ಚಾಪ್‌ಮನ್ ಎಂಬವರು 1957ರಲ್ಲಿ ಲೋಟಸ್ ಸೆವೆನ್ ಎಂಬ ಹಗುರವಾದ ಎರಡು ಆಸನದ ಕಾರನ್ನು ತಂದರು. ಅದೇ ಮಾದರಿಯನ್ನು ಮುಂದಿಟ್ಟುಕೊಂಡು ರಾನ್ ಚಾಂಪಿಯನ್ ಎಂಬವರು 1996ರಲ್ಲಿ ಕೇವಲ 250 ಪೌಂಡಿನಲ್ಲಿ ಕಾರು ಕಟ್ಟುವ ಬಗೆಯನ್ನು ತಿಳಿಸುವ ಪುಸ್ತಕ ಬರೆದರು. ಚೌಕ ಪೈಪಿನಿಂದ ಚಾಸಿ ಬೆಸೆಯುವುದು, ಹಳೆಯ ಫೋರ್ಡ್ ಎಸ್ಕಾರ್ಟ್ ಕಾರಿನ ಎಂಜಿನ್, ಗೇರ್‌ಬಾಕ್ಸ್, ಹಿಂದಿನ ಆಕ್ಸಲ್ ತೆಗೆದು ಅದಕ್ಕೆ ಕೂಡಿಸುವುದು, ಇದೇ ಅದರ ಮರ್ಮ. ನಮ್ಮಲ್ಲಿ ಎಸ್ಕಾರ್ಟ್ ಸಿಗುವುದಿಲ್ಲ. ಆದರೆ ಮಾರುತಿ ಆಮ್ನಿಯ 796 ಸಿ.ಸಿ. ಎಂಜಿನ್ ಉದ್ದುದ್ದ ಕುಳಿತು ಹಿಂದಿನ ಗಾಲಿಗಳನ್ನು ತಿರುಗಿಸುವುದರಿಂದ ಇಂಥ ಚಾಸಿಗೆ ಹೊಂದುತ್ತದೆ ಎಂದು ಮೊಮ್ಮಗ ವಿವರಿಸಿದ.

ನಮ್ಮ ಸುತ್ತಿನಲ್ಲಿಯೂ ಇಂಥ ಸಾಹಸಗಳಿಗೆ ಕೊರತೆಯಿಲ್ಲ. ಇಚಲಕರಂಜಿಯ ಶಂಕರರಾವ್ ಕುಲಕರ್ಣಿಯವರು 1949ರಲ್ಲಿಯೇ 'ಮೀರಾ' ಎಂಬ ಚಿಕ್ಕ ಕಾರಿನ ಮೊದಲ ಮಾದರಿ ಮಾಡಿದ್ದರು. 1970ರ ದಶಕದವರೆಗೂ ಅದನ್ನು ತಿದ್ದಿ ತಿದ್ದಿ ಸುಧಾರಿಸಿದರೂ ಅದು ಮಾರುಕಟ್ಟೆಗೆ ಬರಲಿಲ್ಲ. ಇನ್ನು ನಮ್ಮ ಸಾಂಗಲಿ ಜಿಲ್ಲೆಯದೇ ಆದ ದೇವರಾಷ್ಟ್ರೆ, ಯಶವಂತರಾವ್ ಚವ್ಹಾಣರು ಹುಟ್ಟಿದ ಊರು. ಅಲ್ಲಿಯ ದತ್ತಾತ್ರೇಯ ಲೋಹಾರ ಎಂಬವರು ಗುಜರಿ ಸಾಮಾನಿನಿಂದ ಸುಮಾರು 60,000 ರೂಪಾಯಿಗಳಲ್ಲಿ ಪುಟ್ಟ ಜೀಪು ಮಾಡಿದ್ದು 2021ರಲ್ಲಿ ದೇಶಕ್ಕೆಲ್ಲ ಸುದ್ದಿಯಾಯಿತು. ಮೋಟಾರ್ ಸೈಕಲ್ಲಿನಂತೆ ಕಿಕ್ ಹೊಡೆದು ಚಾಲೂ ಮಾಡುವ ಆ ಗಾಡಿಯನ್ನು ಆನಂದ ಮಹೀಂದ್ರಾ ಅವರು ಮೆಚ್ಚಿದರು. ಆದರೆ ಮೆಚ್ಚುತ್ತಲೇ, ಇದು ನಿಯಮಕ್ಕೆ ಹೊಂದದ ಕಾರಣ ಅಧಿಕಾರಿಗಳು ಇಂದಲ್ಲ ನಾಳೆ ಓಡಿಸಗೊಡುವುದಿಲ್ಲ ಎಂದೂ ತಿಳಿಸಿ, ಅದನ್ನು ತೆಗೆದುಕೊಂಡು ಬದಲಿಗೆ ಬೊಲೆರೋ ಕೊಡುವುದಾಗಿ ಹೇಳಿದರು. 2022ರ ಜನವರಿಯಲ್ಲಿ ಕೊಟ್ಟರು. ಮೊಮ್ಮಗನಿಗೆ ಈ ಕಥೆಯಲ್ಲಿ 60,000 ಕಂಡಿತು. ನಮಗೆ ಮಹೀಂದ್ರಾ ಅವರ ಎರಡನೆಯ ಮಾತು ಕಂಡಿತು.

ಆದರೂ ಬೇಡವೆಂದು ಒಂದೇ ಮಾತಿನಲ್ಲಿ ಹೇಳಲು ಮನಸ್ಸಾಗಲಿಲ್ಲ. ವ್ಯಾಪಾರಸ್ಥರ ಮನೆಯ ಹುಡುಗರು ಈಗ ಕೈ ಕೆಸರು ಮಾಡಿಕೊಳ್ಳಲು ಒಲ್ಲರು. ಗ್ರೀಸು ಬಳಿದುಕೊಂಡು ಕಲಿಯುತ್ತೇನೆಂಬ ಹುಡುಗನ ಉತ್ಸಾಹ ಒಮ್ಮೆ ಮುರಿದರೆ ಮತ್ತೆ ಕೂಡಿಸುವ ವೆಲ್ಡಿಂಗ್ ಯಾವ ಅಂಗಡಿಯಲ್ಲಿಯೂ ಸಿಗದು. ಆದ್ದರಿಂದ, ತಮ್ಮಾ, ಮೊದಲು ಕೂತು ಲೆಕ್ಕ ಮಾಡೋಣ ಎಂದೆವು.

ಎರಡು ದಿನ ಗ್ಯಾರೇಜು, ಲೇಥ್, ಟೈರಿನ ಅಂಗಡಿಗಳಲ್ಲಿ ವಿಚಾರಿಸಿ ಬರೆದ ಯಾದಿ ಹೀಗಿತ್ತು. ಹಳೆಯ ಆಮ್ನಿ 45,000. ಪೈಪು ಕಡಿದು ಉಳಿಯುವ ತುಂಡುಗಳೂ ಸೇರಿ 75 ಕಿಲೋ, ಕಿಲೋಕ್ಕೆ 80ರಂತೆ 6,000. ವೆಲ್ಡಿಂಗ್ ರಾಡು, ಗ್ರೈಂಡರ್ ಚಕ್ರ, ಕರೆಂಟು 8,000. ಬ್ರೇಕಿನ ಸಾಮಾನು ಎಲ್ಲವೂ ಹೊಸದು, 12,000. ನಾಲ್ಕು ಟೈರು 14,000. ರೇಡಿಯೇಟರ್, ಟಾಕಿ, ವೈರಿಂಗ್, ದೀಪಗಳು 18,000. ಪತ್ರದ ಬಾಡಿ ಮತ್ತು ಬಣ್ಣ 30,000. ಆಸನ ಮತ್ತು ಬೆಲ್ಟು 10,000. ಮುಂದಿನ ಗಾಜು, ವೈಪರ್ 9,000. ಲೇಥ್ ಕೆಲಸ 15,000. ಒಟ್ಟು 1,67,000 ರೂಪಾಯಿ.

ಹುಡುಗನ ತೊಂಬತ್ತು ಸಾವಿರ ಎಲ್ಲಿ ಹೋಯಿತು? ಆತ ಎಂಜಿನ್, ಪೈಪು, ಟೈರುಗಳಂಥ ದೊಡ್ಡ ಸಾಮಾನುಗಳನ್ನಷ್ಟೇ ಎಣಿಸಿದ್ದ. ಹಣ ತಿನ್ನುವುದು ಗಾಜು, ವೈರು, ಬಣ್ಣ, ಲೇಥ್ ಕೂಲಿ. ಮನೆ ಕಟ್ಟಿಸಿದವರಿಗೆಲ್ಲ ಇದು ಗೊತ್ತು, ಗೋಡೆಗಿಂತ ಕದ ಕಿಟಕಿ ಹೆಚ್ಚು ತಿನ್ನುತ್ತವೆ. ಇದರ ಮೇಲೆ ಕೆಟ್ಟು ಮತ್ತೆ ಮಾಡುವುದಕ್ಕೆಂದು ನಾಲ್ಕನೆಯ ಒಂದು ಪಾಲು, ಅಂದರೆ 41,750 ಹಿಡಿದೆವು. ಮೊತ್ತ 2,08,750ಕ್ಕೆ ಬಂತು. ಇಷ್ಟಕ್ಕೆ ಕಾಗದಪತ್ರ ಸರಿಯಿರುವ ಬಳಸಿದ ಕಾರೇ ಸಿಗುತ್ತದೆ. ಅದೂ ಛಪ್ಪರವಿದ್ದದ್ದು!

ಹಣಕ್ಕಿಂತ ದೊಡ್ಡದು ಕಾಯದೆಯ ಪ್ರಶ್ನೆ. ಇಂಗ್ಲೆಂಡಿನಲ್ಲಿ ಒಬ್ಬನೇ ಕಟ್ಟಿದ ಒಂದೇ ಕಾರನ್ನೂ ಸರಕಾರ ಪರೀಕ್ಷಿಸಿ ರಸ್ತೆಗೆ ಬಿಡುವ ವ್ಯವಸ್ಥೆಯಿದೆ. ನಮ್ಮ ದೇಶದ ರೀತಿ ಬೇರೆ. 1988ರ ಮೋಟಾರು ವಾಹನ ಕಾಯದೆಯ 39ನೆಯ ಕಲಮಿನ ಪ್ರಕಾರ ನೋಂದಣಿಯಿಲ್ಲದ ವಾಹನ ಓಡಿಸುವಂತಿಲ್ಲ. ನೋಂದಣಿ ಬೇಕಾದರೆ 1989ರ ಕೇಂದ್ರ ನಿಯಮಗಳ 126ನೆಯ ನಿಯಮದಂತೆ ತಯಾರಕನು ವಾಹನದ ಮೂಲ ಮಾದರಿಯನ್ನು ಪುಣೆಯ ಎ.ಆರ್.ಎ.ಐ.ಯಂಥ ಗೊತ್ತುಪಡಿಸಿದ ಸಂಸ್ಥೆಯ ಪರೀಕ್ಷೆಗೆ ಒಪ್ಪಿಸಬೇಕು. ಇದು ಸಾವಿರಾರು ಕಾರು ಮಾಡುವ ಕಾರ್ಖಾನೆಗಳಿಗೆ ತಕ್ಕ ದಾರಿ, ಒಂದೇ ಕಾರಿನ ಮನೆಗೆ ನಿಲುಕುವಂಥದಲ್ಲ. ಮೇಲಾಗಿ 2020ರ ಏಪ್ರಿಲ್ 1ರಿಂದ ಹೊಸ ವಾಹನಗಳ ಹೊಗೆ ಭಾರತ್ ಸ್ಟೇಜ್ 6ರ ಮಟ್ಟದಲ್ಲಿರಬೇಕು. ಹಳೆಯ ಆಮ್ನಿಯ ಎಂಜಿನ್ ಅಲ್ಲಿಗೆ ಮುಟ್ಟದು.

"ಹಂಗಾರ ಆಮ್ನಿಯ ಆರ್.ಸಿ. ಪುಸ್ತಕದ ಮ್ಯಾಲೇ ಓಡಸೂಣ್ರಿ" ಎಂದ ನಮ್ಮ ಅಂಗಡಿಗೆ ಬರುವ ಫಿಟರ್. ಹಾಗೆ ಮಾಡುವವರು ಇರಬಹುದು. ಆದರೆ ವಾಹನದ ಮೂಲ ಸ್ವರೂಪಕ್ಕೆ ವಿರುದ್ಧವಾದ ಮಾರ್ಪಾಡು ಸಲ್ಲದೆಂದು ಸುಪ್ರೀಂ ಕೋರ್ಟು 2019ರ ಜನವರಿಯಲ್ಲಿ ಸ್ಪಷ್ಟಪಡಿಸಿದೆ. ಆಮ್ನಿಯ ಪುಸ್ತಕ ಆಮ್ನಿಗೇ ಹೊರತು ಅದರ ಎಂಜಿನ್ ಹೊತ್ತ ಇನ್ನೊಂದು ಗಾಡಿಗಲ್ಲ. ಪುಸ್ತಕ ಸರಿಯಿಲ್ಲದಿದ್ದರೆ 146ನೆಯ ಕಲಮು ಕಡ್ಡಾಯ ಮಾಡಿದ ವಿಮೆಯೂ ನಿಲ್ಲದು. ದೇವರು ಮಾಡಬಾರದು, ರಸ್ತೆಯಲ್ಲಿ ಒಬ್ಬರ ಜೀವಕ್ಕೆ ಅಪಾಯವಾದರೆ ಪರಿಹಾರದ ಭಾರ ಮನೆಯ ಮೇಲೆ ಬೀಳುತ್ತದೆ. ಮೂರು ತಲೆಮಾರಿನ ಅಂಗಡಿ ಒಂದು ದಿನದಲ್ಲಿ ಕರಗಬಹುದು.

ನಮ್ಮ ಧರ್ಮಪತ್ನಿ ಲೆಕ್ಕವನ್ನೂ ಕೇಳಲಿಲ್ಲ, ಕಾಯದೆಯನ್ನೂ ಕೇಳಲಿಲ್ಲ. "ಬ್ರೇಕ್ ಹತ್ತಲಿಲ್ಲಂದ್ರ ಎದುರಿಗೆ ಬರೂ ಕೂಸಿನ ಗತಿ ಏನಪಾ?" ಎಂದು ಮೊಮ್ಮಗನನ್ನೇ ಕೇಳಿದರು. ಆತ ಬಹಳ ಹೊತ್ತು ಸುಮ್ಮನೆ ಕುಳಿತ. ಅಹಿಂಸೆಯೆಂದರೆ ನೀರು ಸೋಸಿ ಕುಡಿಯುವುದು, ರಾತ್ರಿ ಉಣ್ಣದಿರುವುದು ಎಂದಷ್ಟೇ ತಿಳಿದ ಮಕ್ಕಳಿಗೆ, ಬೆಸುಗೆಯ ಒಂದು ಬಿರುಕಿನಲ್ಲಿಯೂ ಹಿಂಸೆ ಅಡಗಿರುತ್ತದೆಂದು ಆ ಪ್ರಶ್ನೆ ಕಲಿಸಿತು.

ಅಚೌರ್ಯ ಅಣುವ್ರತದ ಅತಿಚಾರಗಳಲ್ಲಿ ಎರಡು ಇಲ್ಲಿ ನೇರವಾಗಿ ಅನ್ವಯಿಸುತ್ತವೆ. ಒಂದು ತದಾಹೃತಾದಾನ, ಅಂದರೆ ಕದ್ದು ತಂದ ಮಾಲನ್ನು ಕೊಳ್ಳುವುದು. ಗುಜರಿಯಲ್ಲಿ ಬಿಲ್ಲಿಲ್ಲದೆ ಅಗ್ಗಕ್ಕೆ ಸಿಗುವ ಎಂಜಿನ್ ಯಾರ ಗಾಡಿಯದೆಂದು ಯಾರು ಬಲ್ಲರು? ಇನ್ನೊಂದು ವಿರುದ್ಧರಾಜ್ಯಾತಿಕ್ರಮ, ರಾಜ್ಯದ ನಿಯಮ ಮೀರಿ ವ್ಯವಹರಿಸುವುದು. ಬಡ್ಜೆಟ್ಟು ಕಡಿಮೆಯಾಗುವುದು ಹೆಚ್ಚಾಗಿ ಈ ಎರಡು ದಾರಿಗಳಿಂದಲೇ. ಇವೆರಡನ್ನೂ ಮುಚ್ಚಿದ ಮೇಲೆ ಅಗ್ಗದ ಕಾರು ಅಗ್ಗವಾಗಿ ಉಳಿಯುವುದಿಲ್ಲ.

ಕೊನೆಗೆ ಮನೆಯವರೆಲ್ಲ ಕೂಡಿ ತೀರ್ಮಾನ ಮಾಡಿದೆವು. ರಸ್ತೆಗೆಂದು ಕಾರು ಕಟ್ಟುವುದು ಬೇಡ. ಆದರೆ ಹುಡುಗನ ವಿದ್ಯೆ ನಿಲ್ಲಬಾರದು. ಭಾರತದಲ್ಲಿ 2007ರಿಂದ ಇಂಜಿನಿಯರಿಂಗ್ ವಿದ್ಯಾರ್ಥಿಗಳಿಗಾಗಿ 'ಬಾಹಾ' ಎಂಬ ಸ್ಪರ್ಧೆ ನಡೆಯುತ್ತಿದೆ. ಕಾಲೇಜಿನ ತಂಡ ಒಂದೇ ಆಸನದ ಗಾಡಿಯನ್ನು ತಾನೇ ರೂಪಿಸಿ, ಬೆಸೆದು, ಪರೀಕ್ಷಕರ ತಪಾಸಣೆಯಲ್ಲಿ ಪಾಸಾದ ಮೇಲೆ ಮುಚ್ಚಿದ ಮೈದಾನದಲ್ಲಿ ಓಡಿಸಬೇಕು. ಆ ತಂಡಕ್ಕೆ ಸೇರಲು ಹೇಳಿದೆವು. ತಂಡದ ವಂತಿಗೆಗೆ 25,000 ರೂಪಾಯಿ, ಅಂಗಡಿಯಿಂದ ಬೇಕಾದ ಪೈಪು ನಮ್ಮದು. ಇದರ ಜೊತೆಗೆ 2013ರ ಮಾರುತಿ 800 ಒಂದನ್ನು ಬಿಲ್ಲು, ಪುಸ್ತಕ ನೋಡಿ 70,000ಕ್ಕೆ ಕೊಂಡೆವು. ಕಂಪನಿ ಮಾಡಿದ ಸ್ವರೂಪ ಬದಲಿಸದೆ ಅದನ್ನು ಬಿಚ್ಚಿ, ಸವೆದದ್ದನ್ನು ಹೊಸದು ಹಾಕಿ, ಮತ್ತೆ ಜೋಡಿಸಿ ಓಡಿಸುವುದು ಆತನ ಮನೆಪಾಠ. ಬ್ರೇಕಿನ ಕೆಲಸ ಮಾತ್ರ ಅನುಭವಿ ಮೇಸ್ತ್ರಿಯ ಕಣ್ಣೆದುರು ಆಗಬೇಕೆಂದು ಅಜ್ಜಿಯ ಶರತ್ತು. ಎರಡೂ ಸೇರಿ 95,000. ಹುಡುಗ ಕೇಳಿದ್ದಕ್ಕಿಂತ 5,000 ಹೆಚ್ಚು.

ಮೊದಲ ವಾರ ಮೊಮ್ಮಗನ ಮುಖ ಬಾಡಿತ್ತು ನಿಜ. ಎಂಜಿನ್ ಬಿಚ್ಚಿ ಅಂಗಡಿಯ ಹಿತ್ತಲಲ್ಲಿ ತಟ್ಟಿನ ಮೇಲೆ ಸಾಲಾಗಿ ಇಟ್ಟ ದಿನದಿಂದ ಊಟಕ್ಕೆ ಕರೆದರೂ ಬರುತ್ತಿರಲಿಲ್ಲ. ಈಗ ತಂಡದಲ್ಲಿ ಚಾಸಿಯ ಬೆಸುಗೆ ಆತನ ಪಾಲಿಗೆ ಬಂದಿದೆ. ಪ್ರತಿಯೊಂದು ಬೆಸುಗೆಯನ್ನೂ ಎರಡು ಸಲ ನೋಡುತ್ತೇನೆಂದು ಅಜ್ಜಿಗೆ ಫೋನಿನಲ್ಲಿ ಹೇಳುತ್ತಾನೆ.

ಇಂಥ ಪ್ರಶ್ನೆ ತಮ್ಮ ಮನೆಗೂ ಬಂದರೆ ವಾಚಕ ಬಂಧುಗಳು ಮಕ್ಕಳನ್ನು ಗದರಿಸಬೇಡಿರಿ, ಕುರುಡಾಗಿ ಹಣವನ್ನೂ ಕೊಡಬೇಡಿರಿ. ಯಾದಿಯನ್ನು ಅವರ ಕೈಯಿಂದಲೇ ಬರೆಸಿರಿ, ಅಂಗಡಿ ಅಂಗಡಿಗೆ ಅವರನ್ನೇ ಕಳಿಸಿರಿ. ಸಾಮಾನಿನ ಬಿಲ್ಲು ಎಲ್ಲಿದೆ, ಗಾಡಿಯ ಪುಸ್ತಕ ಯಾರ ಹೆಸರಿನಲ್ಲಿದೆ, ಓಡುವ ಜಾಗ ಯಾವುದು, ಈ ಮೂರನ್ನು ಕೇಳಿರಿ. ಉತ್ತರ ಸರಿಯಾಗಿದ್ದರೆ ಜೊತೆಗೆ ನಿಲ್ಲಿರಿ.

ಜೈ ಜಿನೇಂದ್ರ.