ದಡ ಹಿಡಿದು

ಹಂಪೆಯಿಂದ ಆನೆಗೊಂದಿಗೆ ವಾಹನವೇರಿದವರು ಸೇತುವೆಯನ್ನರಸಿ ಸುತ್ತಿ ಬಳಸಿ ಹೋಗಬೇಕು. ಕಾಲ್ನಡಿಗೆಯವನಿಗೆ ಮಾತ್ರ ತುಂಗಭದ್ರೆಯ ದಡವೇ ದಾರಿ. ಮಾಗಿಯ ಮುಂಜಾವಿನಲ್ಲಿ, ವಿರೂಪಾಕ್ಷನ ಗೋಪುರಕ್ಕೆ ಬೆನ್ನುಮಾಡಿ, ಆ ದಡ ಹಿಡಿದು ಹೊರಡುವುದು ನನಗೆ ಬಹುಕಾಲದಿಂದ ಅಂಟಿದ ವ್ಯಸನ.

ಕೋದಂಡರಾಮನ ಗುಡಿಯ ಮುಂದಣ ಚಕ್ರತೀರ್ಥದಲ್ಲಿ ಹೊಳೆಯು ಬಂದ ದಿಕ್ಕನ್ನು ತೊರೆದು, ಬಂಡೆಗಳ ನಡುವೆ ನುಸುಳಿ, ಉತ್ತರಕ್ಕೆ ಹೊರಳುತ್ತದೆ. ಶ್ರದ್ಧಾಳುಗಳು ಈ ತಿರುವನ್ನು ಪರಮ ಪಾವನವೆನ್ನುವರು. ನನಗಾದರೋ, ನೆಟ್ಟಗೆ ಹೋಗುವುದರಲ್ಲಿ ರುಚಿಯಿಲ್ಲವೆಂದು ಹೊಳೆಯೇ ಒಪ್ಪಿಕೊಂಡಂತೆ ತೋರಿ, ನನ್ನ ಸೋಮಾರಿ ನಡಿಗೆಗೆ ಶಾಸ್ತ್ರಾಧಾರವೇ ದೊರೆತಂತಾಗುತ್ತದೆ.

ಅಲ್ಲಿಂದ ಮುಂದಣ ಹಾದಿಗೆ ಕಂಪಭೂಪನ ಹೆಸರು. ಬಂಡೆಯನ್ನೇರಿ, ಸವೆದ ಕಲ್ಲುಹಾಸನ್ನಿಳಿದು, ಅಚ್ಯುತರಾಯನ ಗುಡಿಯ ಬರಿದಾದ ಪೇಟೆಯನ್ನು ಬಲಕ್ಕೆ ಬಿಟ್ಟು, ಸೀತೆಯ ಸೆರಗಿನ ಗುರುತೆಂದು ಜನ ತೋರುವ ಬಿಳಿಯ ಪಟ್ಟೆಯ ಬಳಿ ನಿಂತು, ವಿಠ್ಠಲನ ಗುಡಿಯನ್ನು ಸೇರಲು ಎರಡು ಕಿಲೋಮೀಟರುಗಳಷ್ಟೇ. ಆದರೂ ನಾನು ಎರಡು ಗಂಟೆಗಿಂತ ಮೊದಲು ಸೇರಿದ್ದಿಲ್ಲ. ಗುಡಿಯ ಕೆಳಗೆ, ಪುರಂದರದಾಸರ ಮಂಟಪದ ಮೆಟ್ಟಿಲಲ್ಲಿ ಕಾಲನ್ನು ನೀರಿಗಿಳಿಬಿಟ್ಟು ಕುಳಿತರೆ, ಮುರಿದ ಸೇತುವೆಯ ಕಲ್ಲುಕಂಬಗಳು ಆಚೆ ದಡದತ್ತ ಸಾಲುಗಟ್ಟಿ ನಿಂತದ್ದು ಕಾಣುತ್ತದೆ. ಮಳೆಗಾಲದಲ್ಲಿ ಮೇಲಣ ಅಣೆಕಟ್ಟಿನ ಬಾಗಿಲು ತೆರೆದಾಗ ಈ ಮಂಟಪವೇ ಮುಳುಗುವುದುಂಟು. ಈ ನೀರಿನಲ್ಲಿ ನೀರುನಾಯಿಗಳಿವೆಯೆಂದು 2015ರಲ್ಲಿ ಸರ್ಕಾರವು ಹೊಳೆಯ 34 ಕಿಲೋಮೀಟರುಗಳಷ್ಟು ಭಾಗವನ್ನು ಅವುಗಳ ಸಂರಕ್ಷಣೆಗೆ ಮೀಸಲಿಟ್ಟಿತು; ನನ್ನ ಪಾಲಿಗೆ ಬಂದದ್ದು ಪ್ರತಿಸಲವೂ ಒಂದು ಬುಳುಕ್ ಸದ್ದು ಮತ್ತು ಅಗಲುತ್ತ ಹೋಗುವ ಅಲೆಯ ಬಳೆ ಮಾತ್ರ.

ಬಾಳೆತೋಟಗಳ ತಣ್ಣೆಳಲನ್ನು ದಾಟಿ ತಳವಾರಘಟ್ಟದ ಕಡವಿಗೆ ಬಂದಾಗ ಯಂತ್ರದ ದೋಣಿ ಎದುರು ದಡದಲ್ಲಿದ್ದರೆ ನನಗೆ ಒಳಗೊಳಗೇ ಸಂತೋಷ. ಹರಿಗೋಲನ್ನು ಕೂಗಲು ನೆಪ ಸಿಕ್ಕಿತಲ್ಲ! 1520ರ ಸುಮಾರಿಗೆ ವಿಜಯನಗರವನ್ನು ಕಂಡ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸನು, ಬೆತ್ತದಿಂದ ಹೆಣೆದು ತೊಗಲು ಹೊದಿಸಿದ ಈ ದುಂಡು ಬುಟ್ಟಿಗಳು ಹದಿನೈದಿಪ್ಪತ್ತು ಮಂದಿಯನ್ನು ಹೊತ್ತು, ನೇರ ಹೋಗಲರಿಯದೆ ಸದಾ ಗಿರಗಿರನೆ ಸುತ್ತುತ್ತಿದ್ದುದನ್ನು ಬರೆದಿಟ್ಟಿದ್ದಾನೆ. ತೊಗಲು ಹೋಗಿ ಡಾಂಬರು ಬಳಿದ ಹಾಳೆ ಬಂದಿದೆ. ಸುತ್ತು ಮಾತ್ರ ತಪ್ಪಿಲ್ಲ. ಹೀಗೆ ತಿರುಗುತ್ತಲೇ ಒಮ್ಮೆ ಹಂಪೆಯ ಬೆಟ್ಟವನ್ನೂ ಮತ್ತೊಮ್ಮೆ ಆನೆಗೊಂದಿಯ ಬತ್ತದ ಗದ್ದೆಯನ್ನೂ ನೋಡುತ್ತ ಆಚೆ ದಡ ಮುಟ್ಟಿದೆ.

ಕಟ್ಟೆಯ ಮೇಲಿದ್ದ ಮುದುಕನೊಬ್ಬ ಧೂಳುಗಾಲನ್ನು ನೋಡಿ, "ಎಲ್ಲಿಂದ ಬಂದ್ರಿ ಯಜಮಾನ್ರೇ?" ಎಂದ.

"ಹಂಪೆಯಿಂದ, ನಡೆದು."

"ಅಯ್ಯ, ಬಸ್ಸು ತಪ್ತೇನ್ರಿ?"